ಘಟ್ಟದ ದಾರಿಯೂ ಸುಂಕದ ಕಟ್ಟೆಯೂ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆ ಹುಟ್ಟಿದ ಕಾಲದಲ್ಲಿ ಸುಂಕದವನು ಊರ ಬಾಗಿಲಲ್ಲಿಯೋ ಘಟ್ಟದ ಬಾಯಲ್ಲಿಯೋ ಕಟ್ಟೆ ಹಾಕಿ ಕುಳಿತಿರುತ್ತಿದ್ದನು. ಬಿಸಿಲು ಮಳೆಗಳಲ್ಲಿ ಹೇರೆತ್ತುಗಳನ್ನು ಹೊಡೆದುಕೊಂಡು ಬಂದವನ ಕಷ್ಟ ಅವನ ಕಿವಿಗೆ ಬೀಳುತ್ತಿರಲಿಲ್ಲ. ಹೇರಿನ ತೂಕವಷ್ಟೇ ಅವನ ಕಣ್ಣಿಗೆ ಬೀಳುತ್ತಿತ್ತು. ನಾವು ನಿತ್ಯವೂ ಆಡುವ ಇನ್ನೊಂದು ಮಾತಿಗೂ ಈ ಕಟ್ಟೆಯ ನಂಟು ಉಂಟು. ಕಿರುಕುಳವೆಂದರೆ ಮೊದಲು ಸಣ್ಣಪುಟ್ಟದ್ದು ಎಂದೇ ಅರ್ಥ. ಚಾಲುಕ್ಯರ ಕಾಲದ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ‘ಹೆಜ್ಜುಂಕ’ವೆಂದು ಹೆಸರಾದರೆ, ಚಿಲ್ಲರೆ ಸುಂಕಗಳಿಗೆ ‘ಕಿರುಕುಳ’ವೆಂದು ಹೆಸರು. ಇಂದು ಆ ಮಾತಿಗೆ ಪೀಡೆ ಎಂಬುದೊಂದೇ ಅರ್ಥ ಉಳಿದಿದೆ. ಅರ್ಥ ಹೀಗೆ ಸರಿದುದಕ್ಕೆ ಕಾರಣವನ್ನು ಊಹಿಸಲು ಹೆಚ್ಚಿನ ಪಾಂಡಿತ್ಯವೇನೂ ಬೇಕಾಗಲಾರದು.

ಈಚೆಗೆ ಪತ್ರಿಕೆಗಳಲ್ಲಿ ಮುಕ್ತ ವ್ಯಾಪಾರದ ಒಪ್ಪಂದಗಳ ಸುದ್ದಿ ಮೇಲಿಂದ ಮೇಲೆ ಬರುತ್ತದೆ. ನೆರೆಹೊರೆಯ ರಾಷ್ಟ್ರಗಳು ಕೂಡಿ ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಇಳಿಸುವುದು, ಅದರಿಂದ ನಮ್ಮ ಬೆಳೆಗೆ ಹೊಸ ಪೇಟೆ ದೊರೆಯುವುದು, ಅಥವಾ ಅವರ ಬೆಳೆ ನಮ್ಮ ಪೇಟೆಯನ್ನು ತುಂಬುವುದು, ಇವೇ ಆ ಸುದ್ದಿಗಳ ತಿರುಳು. ಪಟ್ಟಣದ ಓದುಗರು ಇದನ್ನು ದಿಲ್ಲಿಯ ಮಾತೆಂದೂ ನಮ್ಮ ಕಾಲದ ಹೊಸ ಸೃಷ್ಟಿಯೆಂದೂ ಬಗೆದು ಪುಟ ತಿರುವಿಹಾಕುವುದುಂಟು. ಆದರೆ ಹಾವೇರಿ ಜಿಲ್ಲೆಯ ಪಶ್ಚಿಮ ಭಾಗದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಗೆ ಈ ಸಂಗತಿ ಹೊಸದಲ್ಲ. ದೂರದಲ್ಲಿ ಯಾರೋ ಬರೆದ ಒಪ್ಪಂದದಿಂದ ಇಲ್ಲಿಯ ಹೇರಿನ ದಾರಿ ತಿರುಗಿದ ಉದಾಹರಣೆಗಳು ನಾಲ್ಕುನೂರು ವರ್ಷಗಳಿಗೂ ಹಿಂದಿನಿಂದ ದೊರೆಯುತ್ತವೆ. ಅವುಗಳಲ್ಲಿ ಕೆಲವನ್ನು ನೆನೆದುಕೊಂಡರೆ ಇಂದಿನ ಒಪ್ಪಂದಗಳನ್ನು ಅಳೆಯಲು ನಮಗೊಂದು ಕೋಲು ಸಿಕ್ಕೀತು.

ಮೊದಲು ಈ ಸೀಮೆಯ ನೆಲೆಯನ್ನು ನೋಡಬೇಕು. ಹಾನಗಲ್ಲ ಮಲೆನಾಡಿನ ಸೆರಗು. ಬತ್ತ, ಅಡಕೆ, ಮಾವುಗಳ ಊರು. ಅಲ್ಲಿಂದ ಪಡುವಣಕ್ಕೆ ಹೊರಟರೆ ಶಿರಸಿ, ಶಿರಸಿಯನ್ನು ದಾಟಿದರೆ ಘಟ್ಟ, ಘಟ್ಟವಿಳಿದರೆ ಕುಮಟೆಯ ಕಡಲು. ಹಿರೇಕೆರೂರು ತೆಂಕಣ ಬಾಗಿಲು. ಹತ್ತಿಗೂ ಗೋವಿನಜೋಳಕ್ಕೂ ಹೆಸರಾದುದು. ಸವಣೂರು ಬಯಲುಸೀಮೆಗೆ ಮೈಚಾಚಿದ ಊರು. ಅಲ್ಲಿಯ ವೀಳ್ಯದೆಲೆಯನ್ನು ಬಲ್ಲವರು ಬಲ್ಲರು. ಶಿಗ್ಗಾವಿ ಪುಣೆ ಬೆಂಗಳೂರುಗಳ ನಡುವಿನ ಹೆದ್ದಾರಿಯ ಮೇಲಿದೆ. ನಾಲ್ಕೂ ತಾಲೂಕುಗಳಿಗೆ ಕಡಲಿನ ನೆರೆಯುಂಟು, ಕಡಲಿಲ್ಲ. ಬೆಳೆ ಇಲ್ಲಿಯದು, ಬಂದರು ಇನ್ನೊಬ್ಬರದು. ಈ ಸೀಮೆಯ ವ್ಯಾಪಾರದ ಚರಿತ್ರೆಯೆಲ್ಲ ಈ ಒಂದು ಮಾತಿನ ವಿಸ್ತಾರವೆಂದರೂ ಸಲ್ಲುತ್ತದೆ.

ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಹಾನಗಲ್ಲು ‘ಪಾನುಂಗಲ್’ ಎನಿಸಿಕೊಂಡು ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ಪಾನುಂಗಲ್ 500, ಬನವಾಸಿ 12000 ಎಂಬ ನಾಡುಗಳು ಅವರ ಆಳಿಕೆಗೆ ಒಳಪಟ್ಟಿದ್ದವು. ಅದೇ ಕದಂಬರ ಇನ್ನೊಂದು ಶಾಖೆ ಗೋವೆಯಲ್ಲಿ ನೆಲೆನಿಂತು ಕಡಲ ವ್ಯಾಪಾರದಿಂದ ಬಲಿತಿತ್ತು. ಹಿರೇಕೆರೂರಿನ ತೆಂಕಣಕ್ಕೆ ಬಳ್ಳಿಗಾವೆ. ಬನವಾಸಿ ನಾಡಿನ ರಾಜಧಾನಿ, ದೊಡ್ಡ ಪೇಟೆ, ಮಠಗಳ ಊರು. ಮೇಲೆ ಚಾಲುಕ್ಯ ಚಕ್ರವರ್ತಿಯ ನೆರಳು ಇರುವವರೆಗೆ ಈ ಸಾಮಂತರ ನಡುವಣ ಗಡಿಗಳು ವರ್ತಕನಿಗೆ ದಾಟಲಾರದ ಗೋಡೆಗಳಾಗಿರಲಿಲ್ಲ. ಕಟ್ಟೆಗಳಿದ್ದವು, ಸುಂಕವಿತ್ತು, ಆದರೆ ದಾರಿ ತೆರೆದಿತ್ತು. ಚಕ್ರವರ್ತಿಯ ಕೈ ಸಡಿಲಿದಾಗ ದಾರಿಗಳೂ ಕೆಟ್ಟವು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿದುದು ಅಂಥ ಕಾಲದ ಸಂಗತಿ.

ಆ ದಾರಿಗಳಲ್ಲಿ ನಡೆದವರಲ್ಲಿ ಅಯ್ಯಾವೊಳೆಯ ಐನೂರ್ವರು ಮುಖ್ಯರು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಈ ವಣಿಕ್ ಸಂಘದವರು ತಮ್ಮನ್ನು ವೀರಬಣಂಜುಧರ್ಮದ ಪಾಲಕರೆಂದು ಕರೆದುಕೊಂಡರು. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳಗಳವರೆಗೂ ನಡೆದವರೆಂದು ಹೇಳಿಕೊಳ್ಳುವ ಅವರ ಪ್ರಸಿದ್ಧ ಶಾಸನ ದೊರೆತದ್ದು ಶಿಕಾರಿಪುರ ಸೀಮೆಯಲ್ಲಿ, ಎಂದರೆ ಹಿರೇಕೆರೂರಿನ ನೆರೆಯಲ್ಲಿಯೇ. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರಗಳು ಅವರ ಸರಕು. ಇದು ಬರಿಯ ಹೊಗಳಿಕೆಯಲ್ಲ. ಸುಮಾತ್ರಾ ದ್ವೀಪದ ಬಾರೂಸಿನ ಬಳಿ 1088ರ ತಮಿಳು ಶಾಸನವೊಂದು ಐನೂರ್ವರ ಹೆಸರನ್ನು ಹೊತ್ತು ನಿಂತಿದೆ. ಐಹೊಳೆಯ ಹೆಸರು ಹೊತ್ತ ಸಂಘದ ಕಲ್ಲು ಅಷ್ಟು ದೂರ ಕಡಲಾಚೆ ನಿಂತಿರುವುದನ್ನು ನೆನೆದರೆ, ಆಗ್ನೇಯ ಏಷ್ಯದೊಡನೆ ವ್ಯಾಪಾರವೆಂಬುದು ನಮ್ಮ ನಾಡಿಗೆ ಎಷ್ಟು ಹಳೆಯ ಮಾತೆಂಬುದು ತಿಳಿಯುತ್ತದೆ.

ವಣಿಕ್ ಸಂಘಗಳಿಗೆ ಶಾಸನಗಳಲ್ಲಿ ‘ನಗರ’ ಅಥವಾ ‘ನಕರ’ ಎಂಬ ಹೆಸರೂ ಉಂಟು. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯವಿದೆ. ಆ ದೇವರ ಹೆಸರನ್ನು ಈ ಅರ್ಥದೊಡನೆ ಕೂಡಿಸಿ ಓದುವುದು ಅಸಹಜವೇನೂ ಅಲ್ಲ. ಈ ಸಂಘಗಳು ದೇವಾಲಯಗಳಿಗೆ ಕೊಟ್ಟ ದತ್ತಿಗಳು ಹೇರಿನ ಲೆಕ್ಕದಲ್ಲಿರುತ್ತಿದ್ದವು: ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ. ಅರಸರ ಕಡೆಯಿಂದ ಅವರು ಪಡೆದ ಮಾನ್ಯವೂ ಹೇರಿನ ಲೆಕ್ಕದ್ದೇ: ಇಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ. ಇಂದು ನಾವು ಸುಂಕದ ರಿಯಾಯತಿ, ನಿಗದಿತ ಪ್ರಮಾಣ ಎಂದು ಕರೆಯುವ ವ್ಯವಸ್ಥೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭೇದವಿರುವುದು ಒಂದೇ ಕಡೆ. ಅಂದು ಅರಸನ ಅಧಿಕಾರಿಯ ಎದುರು ಮಾತಿಗೆ ಕುಳಿತವನು ಹೇರಿನ ಒಡೆಯನಾದ ವರ್ತಕನೇ ಆಗಿದ್ದನು.

ಕಡಲಾಚೆಯ ನಂಟಿಗೆ ಜೀವಂತ ಸಾಕ್ಷಿ ಬೇಕೆಂಬವರು ಸವಣೂರಿಗೆ ಹೋಗಬಹುದು. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ, ಹಲವಾಳು ತೋಳು ಹಿಡಿದರೂ ತೆಕ್ಕೆಗೆ ಸಿಗದ ಮೂರು ಮರಗಳನ್ನು ನೋಡಲು ಜನ ಬರುತ್ತಾರೆ. ಅವುಗಳಲ್ಲೊಂದು 2023ರಲ್ಲಿ ನೆಲಕ್ಕುರುಳಿತು. ಜನ ಅದನ್ನು ದೊಡ್ಡ ಹುಣಸೆ ಎಂದರೂ ಅದು ಹುಣಸೆಯ ಜಾತಿಯಲ್ಲ. ಆಫ್ರಿಕದ ಬಾವೋಬಾಬ್ ಮರ. ಅದನ್ನು ತಂದವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೆ ಆಫ್ರಿಕದ ಬೀಜ ಕಡಲು ದಾಟಿ, ಘಟ್ಟವೇರಿ, ಸವಣೂರಿನ ಮಣ್ಣಿಗೆ ಬೀಳಬೇಕಾದರೆ ಒಂದು ದಾರಿ ಇದ್ದಿರಲೇಬೇಕು. ಆ ದಾರಿಯಲ್ಲಿ ಜನ ನಡೆದಿರಲೇಬೇಕು.

ಇನ್ನು ಬರವಣಿಗೆಯಲ್ಲಿ ಉಳಿದು ಬಂದಿರುವ ಒಪ್ಪಂದಗಳಿಗೆ ಬರೋಣ. 1547ರ ಸೆಪ್ಟೆಂಬರಿನಲ್ಲಿ ವಿಜಯನಗರದ ಸದಾಶಿವರಾಯನ ಸರಕಾರಕ್ಕೂ ಗೋವೆಯ ಪೋರ್ಚುಗೀಸ್ ಗವರ್ನರ್ ಜುವಾಂವ್ ದ ಕಾಸ್ತ್ರೋನಿಗೂ ಒಂದು ಕರಾರು ಆಯಿತು. ಸಿಂಹಾಸನದ ಮೇಲೆ ಸದಾಶಿವರಾಯನಿದ್ದರೂ ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿದ್ದ ಕಾಲವದು. ಗೋವೆಗೆ ಬಂದಿಳಿಯುವ ಕುದುರೆಗಳು ವಿಜಯನಗರಕ್ಕೇ ಸಲ್ಲತಕ್ಕದ್ದು, ಬಿಜಾಪುರದ ಆದಿಲಶಾಹನಿಗೆ ಹೋಗಕೂಡದು ಎಂಬುದು ರಾಯನಿಗೆ ದೊರೆತ ಲಾಭ. ಅದಕ್ಕೆ ಪ್ರತಿಯಾಗಿ ರಾಯನು ತನ್ನ ರಾಜ್ಯದ ಕಬ್ಬಿಣ ಮತ್ತು ಪೆಟ್ಲುಪ್ಪುಗಳನ್ನು ಆದಿಲಶಾಹನ ಸೀಮೆಗೆ ಹೋಗಗೊಡದೆ ತನ್ನ ಬಂದರುಗಳಿಗೇ ಕಳುಹಿಸಬೇಕು. ಬಟ್ಟೆಯನ್ನು ಅಂಕೋಲೆಗೋ ಹೊನ್ನಾವರಕ್ಕೋ ಒಯ್ಯಿಸಬೇಕು. ಅಲ್ಲಿ ಪೋರ್ಚುಗೀಸರು ಅದನ್ನು ಕೊಂಡು ತಾಮ್ರ, ಹವಳ, ಪಾದರಸ, ಚೀನದ ರೇಷ್ಮೆಗಳನ್ನು ಕೊಡುವರು.

ಈ ಕರಾರಿನ ಕಲಮುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ವರ್ತಕರನ್ನು ಕಡ್ಡಾಯಪಡಿಸತಕ್ಕದ್ದು. ಬಂಕಾಪುರದಂಥ ಪೇಟೆಯ ವರ್ತಕನು ತನ್ನ ಗಂಟನ್ನು ಯಾವ ಘಟ್ಟ ಇಳಿಸಬೇಕೆಂಬುದನ್ನು ಅಂದಿನಿಂದ ಅವನು ನಿರ್ಧರಿಸುವಂತಿರಲಿಲ್ಲ. ಬಡಗಣದ ಬಂದರುಗಳಲ್ಲಿ ಒಳ್ಳೆಯ ಬೆಲೆ ಬಂದರೂ ಅವನು ತೆಂಕಣಕ್ಕೇ ಹೋಗಬೇಕಾಗಿತ್ತು. ನೆರೆಯವರ ವ್ಯಾಪಾರದ ಒಪ್ಪಂದವೆಂದು ಹೆಸರಾದರೂ ಇದು ನೆರೆಯವನೊಬ್ಬನನ್ನು ಹೊರಗಿಡುವ ಒಪ್ಪಂದ. ಕುದುರೆಗಾಗಿ ಮಾಡಿಕೊಂಡ, ಎಂದರೆ ಯುದ್ಧಕ್ಕಾಗಿ ಮಾಡಿಕೊಂಡ ಒಪ್ಪಂದ. ಇದೇ ಶತಮಾನದಲ್ಲಿ, ಇದೇ ಬಂಕಾಪುರದ ಬಳಿಯ ಬಾಡದಿಂದ ಬಂದ ಕನಕದಾಸರು ತಮ್ಮ ‘ಮೋಹನತರಂಗಿಣಿ’ಯಲ್ಲಿ ವರ್ಣಿಸಿದ ದ್ವಾರಕೆ ವಿಜಯನಗರದ ಪಡಿಯಚ್ಚೆಂದು ವಿದ್ವಾಂಸರು ಹೇಳುತ್ತಾರೆ. ಆ ವೈಭವದ ಪೇಟೆಗೆ ಸರಕು ಬಂದು ಹೋಗುತ್ತಿದ್ದುದು ಇಂಥ ಕರಾರುಗಳ ಹಂಗಿನಲ್ಲಿ.

ಕರಾರಿನ ಆಯುಷ್ಯವಾದರೂ ಎಷ್ಟು? ಕಾಸ್ತ್ರೋ 1548ರ ಜೂನಿನಲ್ಲಿ ತೀರಿಕೊಂಡನು. ಅವನ ಸ್ಥಾನಕ್ಕೆ ಬಂದ ಗಾರ್ಸಿಯ ದ ಸಾ ಅದೇ ವರ್ಷ ಬಿಜಾಪುರದೊಡನೆ ಸಂಧಿ ಮಾಡಿಕೊಂಡನು. ಒಂದು ವರ್ಷ ತುಂಬುವುದರೊಳಗೆ ಕರಾರಿನ ಮೂಲ ಉದ್ದೇಶವೇ ಸಡಿಲಿಹೋಯಿತು. 1565ರ ಯುದ್ಧದಲ್ಲಿ ವಿಜಯನಗರವೇ ಬಿದ್ದಿತು. ಅದರ ಬೆನ್ನಿಗೆ ಕೆಲವೇ ವರ್ಷಗಳಲ್ಲಿ ಬಂಕಾಪುರವೂ ಆದಿಲಶಾಹಿಯ ಕೈಸೇರಿತು. ಕುದುರೆ ಕೊಳ್ಳುವ ದೊಡ್ಡ ಗಿರಾಕಿಯನ್ನು ಕಳೆದುಕೊಂಡ ಗೋವೆಯ ಸುಂಕದ ಉತ್ಪನ್ನವೂ ಇಳಿಯಿತು. ಪೇಟೆಯನ್ನು ಬೆಳೆಸುವುದರ ಬದಲು ಪ್ರತಿಸ್ಪರ್ಧಿಯನ್ನು ಕಟ್ಟಿಹಾಕಲು ಮಾಡಿದ ಒಪ್ಪಂದಕ್ಕೆ ಎಷ್ಟು ಆಯುಷ್ಯವಿರಬಹುದೋ ಅಷ್ಟೇ ಇದಕ್ಕೂ ಇತ್ತು.

ಮುಂದೆ ಸವಣೂರಿನ ನವಾಬರು, ಪೇಶ್ವೆಯರು, ಹೈದರ್ ಮತ್ತು ಟೀಪು ಈ ಸೀಮೆಯನ್ನು ಎಳೆದಾಡಿದರು. ಕಡೆಗೆ ಇಂಗ್ಲಿಷರ ಆಳಿಕೆ ಬಂದಾಗ ಇದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತು. ಸವಣೂರು ಮಾತ್ರ ಚಿಕ್ಕ ಸಂಸ್ಥಾನವಾಗಿ ನಡುಗಡ್ಡೆಯಂತೆ ಉಳಿದು 1948ರಲ್ಲಿ ವಿಲೀನವಾಯಿತು. ಕಂಪೆನಿ ಸರಕಾರ 1838ರಲ್ಲಿ ಮುಂಬಯಿ ಇಲಾಖೆಯ ಒಳನಾಡಿನ ಸಾಗಣೆ ಸುಂಕಗಳನ್ನು ತೆಗೆದುಹಾಕಿತು. ಊರೂರಿಗೆ ಜಕಾತಿ ಕೊಡುತ್ತ ಬಂದಿದ್ದ ಲಂಬಾಣಿಯ ಹೇರೆತ್ತಿಗೆ ಇದರಿಂದ ಎಷ್ಟೋ ಬಿಡುಗಡೆ ದೊರೆಯಿತು. ಆದರೆ ಅದನ್ನು ತೆಗೆದವರ ಲಕ್ಷ್ಯವೆಲ್ಲ ಇಲ್ಲಿಯ ಕಚ್ಚಾ ಮಾಲು ಬಂದರನ್ನು ಬೇಗ ಮುಟ್ಟುವುದರ ಕಡೆಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆ ಕಚ್ಚಾ ಮಾಲೆಂದರೆ ಹತ್ತಿ. ಧಾರವಾಡ ಸೀಮೆಯ ಜವಾರಿ ಹತ್ತಿಯನ್ನು ಎತ್ತುಗಳ ಮೇಲೆ, ಬಂಡಿಗಳ ಮೇಲೆ ಘಟ್ಟ ಇಳಿಸಿ ಕುಮಟೆಯಲ್ಲಿ ಹಡಗಿಗೆ ಹಾಕುತ್ತಿದ್ದರು. ಆ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ದೊರೆತ ಹೆಸರು ‘ಕುಮಟಾ ಹತ್ತಿ’. ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದ ಹತ್ತಿಗೆ ಕುಮಟೆಯ ಹೆಸರು! ಬೆಳೆದವನ ಊರು ಲೆಕ್ಕಕ್ಕೆ ಬರಲಿಲ್ಲ. ಹಡಗೇರಿಸಿದ ಊರು ಲೆಕ್ಕಕ್ಕೆ ಬಂತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಹತ್ತಿಯ ಬಂದರುಗಳು ಹತ್ತಿಯ ಸೀಮೆಯೊಡನೆಯೇ ಇರಲೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಜಿಲ್ಲೆಯ ಗಡಿ ಮಾತ್ರ ಬದಲಾದಂತೆಯೇ ಉಳಿಯಿತು.

ಇದಾದ ಮೇಲೆ ಬಂದದ್ದು 1876ರಿಂದ 1878ರವರೆಗಿನ ಭೀಕರ ಕ್ಷಾಮ. ಧಾರವಾಡ ಜಿಲ್ಲೆ ಅದರ ಬಾಯಿಗೆ ಸಿಕ್ಕಿ ನಲುಗಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ತರಲು ದಾರಿಯಿಲ್ಲ. ಎಳೆಯುವ ಎತ್ತುಗಳೇ ಮೇವಿಲ್ಲದೆ ಸತ್ತುಹೋಗಿದ್ದವು. ರೈಲು ಬೇಕೆಂಬ ಕೂಗಿಗೆ ಆಗ ಬಲ ಬಂತು. ಅದೇ ಹೊತ್ತಿಗೆ, 1878ರ ಡಿಸೆಂಬರ್ 26ರಂದು, ದೂರದ ಲಿಸ್ಬನ್ ನಗರದಲ್ಲಿ ಬ್ರಿಟಿಷ್ ಮತ್ತು ಪೋರ್ಚುಗೀಸ್ ಸರಕಾರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ನಮ್ಮ ನೆರೆಯ ಗಡಿಯಲ್ಲಿ ನಡೆದ ಮೊದಲ ಪ್ರಾದೇಶಿಕ ಮುಕ್ತ ವ್ಯಾಪಾರದ ಪ್ರಯೋಗ ಇದೇ ಎನ್ನಬಹುದು.

1880ರ ಜನವರಿ 15ರಿಂದ ಹನ್ನೆರಡು ವರ್ಷಗಳ ಮಟ್ಟಿಗೆ ಈ ಒಪ್ಪಂದ ಜಾರಿಗೆ ಬಂತು. ಗೋವೆಗೂ ಬ್ರಿಟಿಷ್ ಹಿಂದುಸ್ತಾನಕ್ಕೂ ನಡುವಿನ ಸುಂಕದ ಕಟ್ಟೆಗಳು ಎದ್ದುಹೋದವು. ಹೊರಗಿನಿಂದ ಬರುವ ಸರಕಿಗೆ ಎರಡೂ ಕಡೆ ಒಂದೇ ದರವೆಂದಾಯಿತು. ಗೋವೆಯ ಉಪ್ಪಿನ ತಯಾರಿಕೆ ಇಂಗ್ಲಿಷರ ಹತೋಟಿಗೆ ಹೋಯಿತು. ಅದಕ್ಕೆ ಪ್ರತಿಯಾಗಿ ಅವರು ಪೋರ್ಚುಗೀಸ್ ಸರಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಗೊತ್ತಾಯಿತು. ಮುರಗಾಂವಿನಲ್ಲಿ ಬಂದರು ಕಟ್ಟಿ ಅಲ್ಲಿಂದ ಗಡಿಯವರೆಗೆ ರೈಲು ಹಾಕುವುದು ಇನ್ನೊಂದು ಮುಖ್ಯ ಅಂಶ. ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯವರು ಹಳಿ ಹಾಕಿಕೊಂಡು ಬಂದರು. 1886ರಲ್ಲಿ ಹುಬ್ಬಳ್ಳಿಯಿಂದ ಹರಿಹರಕ್ಕೆ ರೈಲಾಯಿತು. 1888ರ ಹೊತ್ತಿಗೆ ಕ್ಯಾಸಲ್‌ರಾಕಿನ ಘಟ್ಟವಿಳಿದು ಮುರಗಾಂವಿನವರೆಗೆ ದಾರಿ ಕೂಡಿಕೊಂಡಿತು.

ಇದರಿಂದ ಯಾರಿಗೆ ಏನಾಯಿತು? ರೈಲು ಹಾದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಪೇಟೆಗಳಾಗಿ ಬೆಳೆದವು. ಸವಣೂರಿನವರಿಗೆ ತಮ್ಮ ಸೀಮೆಯ ಎಲವಿಗಿಯಲ್ಲಿ ನಿಲ್ದಾಣ ದೊರೆಯಿತು. ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿಗಳು ಹಳಿಯಿಂದ ದೂರವೇ ಉಳಿದವು. ಶಿರಸಿಯ ಮೇಲೆ ಹಾದು ಕುಮಟೆಗೆ ಇಳಿಯುತ್ತಿದ್ದ ಹತ್ತಿ ಈಗ ರೈಲಿನ ಕಡೆ ತಿರುಗಿತು. ಕುಮಟೆಯ ಬಂದರು ಕ್ರಮೇಣ ಬಡವಾಯಿತು. ಹತ್ತಿಯ ಹೆಸರಿನಲ್ಲಿ ಕುಮಟೆ ಉಳಿಯಿತು, ಹತ್ತಿ ಕುಮಟೆಯಲ್ಲಿ ಉಳಿಯಲಿಲ್ಲ. ಹೇರೆತ್ತಿನ ಲಂಬಾಣಿಗಳ ಕಸುಬು ಮುಗಿಯುತ್ತ ಬಂತು. ಘಟ್ಟದ ಕೆಳಗೆ ಗೋವೆಯ ಆಗರದವರಿಗೂ ಸೇಂದಿ ಇಳಿಸುವವರಿಗೂ ಹೊಸ ತೆರಿಗೆ ಹೊರೆಯಾಯಿತು. ಒಪ್ಪಂದದಿಂದ ನಾಡಿಗೆ ಲಾಭವಾಯಿತೆಂಬುದು ನಿಜ. ಲಾಭ ಎಲ್ಲ ಊರಿಗೂ ಹಂಚಿಹೋಗಲಿಲ್ಲವೆಂಬುದು ಅಷ್ಟೇ ನಿಜ.

ಒಪ್ಪಂದ ಹೆಚ್ಚು ಕಾಲ ಬಾಳಲಿಲ್ಲ. ಇಂಗ್ಲಿಷರು 1882ರಲ್ಲಿ ಹಿಂದುಸ್ತಾನದ ಆಮದು ಸುಂಕಗಳನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಎರಡೂ ಕಡೆ ಒಂದೇ ದರವಿರಬೇಕೆಂಬ ಕರಾರಿನ ದೆಸೆಯಿಂದ ಗೋವೆಯ ಸುಂಕವೂ ಇಳಿಯಲೇಬೇಕಾಯಿತು, ಬೊಕ್ಕಸ ಸೊರಗಿತು. ಲ್ಯಾಂಕಶಾಯರಿನ ಬಟ್ಟೆಯವರಿಗೆ ಹಿತವಾದ ನೀತಿ ಮಾಂಡವಿ ತೀರದ ಚಿಕ್ಕ ಸರಕಾರಕ್ಕೆ ಹಿತವಾಗಬೇಕೆಂದೇನೂ ಇರಲಿಲ್ಲ. 1890ರಲ್ಲಿ ಆಫ್ರಿಕದ ನೆಲದ ವಿಷಯವಾಗಿ ಎರಡು ಸರಕಾರಗಳಿಗೂ ಮನಸ್ತಾಪ ಬೆಳೆಯಿತು. 1892ರ ಜನವರಿಯಲ್ಲಿ ಅವಧಿ ಮುಗಿದಾಗ ಒಪ್ಪಂದ ಮುಂದುವರಿಯಲಿಲ್ಲ. ಸುಂಕದ ಕಟ್ಟೆಗಳು ಗಡಿಗೆ ಮರಳಿದವು. 1955ರಲ್ಲಿ ಸ್ವತಂತ್ರ ಭಾರತ ಗೋವೆಗೆ ಆರ್ಥಿಕ ದಿಗ್ಬಂಧನ ವಿಧಿಸಿದಾಗ ಗಡಿ ದಾಟುವ ರೈಲೂ ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಮೇಲೆ ಆ ಗಡಿಯೇ ಇಲ್ಲವಾಯಿತು. ಹನ್ನೆರಡು ವರ್ಷದ ಒಪ್ಪಂದ ಸತ್ತರೂ ಅದರ ಹೆಸರಿನಲ್ಲಿ ಹಾಕಿದ ಹಳಿ ಮತ್ತು ಕಟ್ಟಿದ ಬಂದರು ಇಂದಿಗೂ ದುಡಿಯುತ್ತಿವೆ.

ಈಗ ನಮ್ಮ ಕಾಲಕ್ಕೆ ಬರೋಣ. ಶ್ರೀಲಂಕೆಯೊಡನೆ ಭಾರತ 1998ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಪ್ಪಂದ 2000ದ ಮಾರ್ಚಿನಲ್ಲಿ ಜಾರಿಗೆ ಬಂತು. ದಕ್ಷಿಣ ಏಷ್ಯದ ರಾಷ್ಟ್ರಗಳೆಲ್ಲ ಕೂಡಿ 2004ರಲ್ಲಿ ಇಸ್ಲಾಮಾಬಾದಿನಲ್ಲಿ ಒಪ್ಪಿಕೊಂಡ ಮುಕ್ತ ವ್ಯಾಪಾರ ವಲಯ 2006ರಲ್ಲಿ ಆರಂಭವಾಯಿತು. ಆಗ್ನೇಯ ಏಷ್ಯದ ರಾಷ್ಟ್ರಕೂಟದೊಡನೆ ಸರಕುಗಳ ಒಪ್ಪಂದ 2010ರಿಂದ ನಡೆದಿದೆ. ಒಳನಾಡಿನಲ್ಲಿ 2017ರ ಜುಲೈ 1ರಂದು ಏಕರೂಪದ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ಮಾರಾಟ ತೆರಿಗೆಯ ತನಿಖಾ ಠಾಣೆಗಳು ಎದ್ದುಹೋದವು. ಚಾಲುಕ್ಯರ ಹೆಜ್ಜುಂಕದ ಕಟ್ಟೆಗೆ ಅದು ಕೊನೆಯ ಮಂಗಳಾರತಿಯೆಂದು ಬೇಕಾದರೆ ಹೇಳಬಹುದು.

ಈ ಒಪ್ಪಂದಗಳ ಫಲ ನಮ್ಮ ನಾಲ್ಕು ತಾಲೂಕುಗಳ ಹೊಲಕ್ಕೆ ಎರಡು ಬಗೆಯಾಗಿ ಬಂದಿದೆ. ಗೋವಿನಜೋಳವನ್ನು ನೋಡಿ. ವಿಯೆಟ್ನಾಮ್, ಮಲೇಷ್ಯ, ಇಂಡೊನೇಷ್ಯಗಳ ಕೋಳಿಯ ಮೇವಿಗೆ ಬೇಡಿಕೆಯಿದ್ದ 2012-13ರ ಸುಮಾರಿಗೆ ಭಾರತದ ಗೋವಿನಜೋಳದ ರಫ್ತು ವರ್ಷಕ್ಕೆ 40 ಲಕ್ಷ ಟನ್ನನ್ನು ದಾಟಿತ್ತು. ದಕ್ಷಿಣ ಅಮೆರಿಕದ ಮಾಲು ಅಗ್ಗವಾದೊಡನೆ ಆ ಗಿರಾಕಿಗಳು ಅತ್ತ ತಿರುಗಿದರು. ಸುಂಕ ಇಳಿಯುವುದು ಬೇರೆ, ಬೆಲೆ ನಿಲ್ಲುವುದು ಬೇರೆ ಎಂಬ ಪಾಠ ಇದರಲ್ಲಿದೆ. ಅಡಕೆಯದು ಇದರ ತಿರುಗಾಮುರುಗಾ. ರಿಯಾಯತಿಯ ದಾರಿಯಲ್ಲಿ ನೆರೆಯ ದೇಶದ ಹೆಸರು ಹೊತ್ತು ಬೇರೆ ದೇಶದ ಅಡಕೆ, ಮೆಣಸುಗಳು ಬರುತ್ತವೆಂಬುದು ಬೆಳೆಗಾರರ ಹಳೆಯ ದೂರು. ಸರಕಾರ 2023ರ ಫೆಬ್ರುವರಿಯಲ್ಲಿ ಅಡಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಅದಕ್ಕೆ ಕೆಲವೇ ತಿಂಗಳು ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ 17,000 ಟನ್ ಹಸಿ ಅಡಕೆಗೆ ಆ ಕಟ್ಟು ಇಲ್ಲದೆಯೇ ಅನುಮತಿ ಕೊಟ್ಟಿತ್ತು. ಹಾನಗಲ್ಲಿನ ತೋಟದವನಿಗೆ ಒಪ್ಪಂದವೆಂದರೆ ಹೊರಗೆ ಹೋಗುವ ಬಾಗಿಲಷ್ಟೇ ಅಲ್ಲ, ಒಳಗೆ ಬರುವ ಬಾಗಿಲೂ ಹೌದು.

ಸವಣೂರಿನ ಎಲೆಯ ಕಥೆ ಇನ್ನೂ ಮಾರ್ಮಿಕವಾಗಿದೆ. ವೀಳ್ಯದೆಲೆಯನ್ನು ಬಹಳವಾಗಿ ಕೊಳ್ಳುವ ನೆರೆಯ ದೇಶ ಪಾಕಿಸ್ತಾನ. 2005ರಲ್ಲಿ ಜಾರಿಗೆ ಬಂದ ಪಾಕಿಸ್ತಾನ ಮತ್ತು ಶ್ರೀಲಂಕೆಗಳ ಒಪ್ಪಂದದಲ್ಲಿ ಶ್ರೀಲಂಕೆಯವರು ತಮ್ಮ ಎಲೆಗೆಂದೇ ಪ್ರತ್ಯೇಕ ರಿಯಾಯತಿಯನ್ನು ಬರೆಯಿಸಿಕೊಂಡರು. ನಮಗೂ ಪಾಕಿಸ್ತಾನಕ್ಕೂ ಕಾಗದದ ಮೇಲೆ ಒಂದೇ ವ್ಯಾಪಾರ ವಲಯ. ಆದರೆ 2019ರ ಫೆಬ್ರುವರಿಯಲ್ಲಿ ಭಾರತ ಅಲ್ಲಿಯ ಸರಕಿಗೆ ನೂರಕ್ಕೆ ಇನ್ನೂರರ ಸುಂಕ ವಿಧಿಸಿತು. ಆಗಸ್ಟಿನಲ್ಲಿ ಪಾಕಿಸ್ತಾನ ವ್ಯಾಪಾರವನ್ನೇ ನಿಲ್ಲಿಸಿತು. ರಾಷ್ಟ್ರದ ಭದ್ರತೆಯ ಮುಂದೆ ಎಲೆಯ ಕಟ್ಟಿನ ಮಾತು ಸಣ್ಣದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಬಾಗಿಲು ತೆರೆದಾಗ ಯಾರು ತಮ್ಮ ಬೆಳೆಯ ಹೆಸರು ಹೇಳಿ ಬರೆಯಿಸಿಕೊಂಡರೋ ಅವರಿಗೆ ಅದು ದಕ್ಕಿತು ಎಂಬುದಂತೂ ಸತ್ಯ.

ಹೆಸರಿನ ಮಾತು ಬಂದಾಗ ಬ್ಯಾಡಗಿಯ ಮೆಣಸಿನಕಾಯಿಯನ್ನು ನೆನೆಯಬೇಕು. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣದ ಸಾರವನ್ನು ತೆಗೆದು ಹೊರದೇಶಗಳಿಗೆ ಕಳುಹಿಸುವ ಉದ್ಯಮವುಂಟು. ಆದರೆ ಸಾರವಾಗಿ ಪೀಪಾಯಿ ಸೇರಿದ ಮೇಲೆ ಬ್ಯಾಡಗಿಯ ಹೆಸರು ಎಲ್ಲಿ? ಕುಮಟಾ ಹತ್ತಿಯ ಕಥೆಯೇ ಇನ್ನೊಂದು ರೂಪದಲ್ಲಿ ಮರಳಿದೆ. 2024ರ ಮಾರ್ಚಿನಲ್ಲಿ ಬೆಲೆ ಒಮ್ಮೆಲೇ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದುದನ್ನು ವಾಚಕರು ಮರೆತಿರಲಾರರು. ಹಿಂಸೆಯನ್ನು ಸಮರ್ಥಿಸುವಂತಿಲ್ಲ. ಆದರೆ ಬೆಲೆ ಎಲ್ಲಿ ಕಟ್ಟಲ್ಪಡುತ್ತದೆಂಬುದು ಬೆಳೆದವನಿಗೆ ತಿಳಿಯದೆ ಹೋದಾಗ ಅವನ ಸಿಟ್ಟು ಕಣ್ಣಿಗೆ ಕಾಣುವ ಹತ್ತಿರದ ಕಟ್ಟೆಯ ಮೇಲೆ ತಿರುಗುತ್ತದೆ ಎಂಬುದನ್ನಾದರೂ ಅದರಿಂದ ತಿಳಿಯಬೇಕು.

ಹಳೆಯ ಮತ್ತು ಹೊಸ ಒಪ್ಪಂದಗಳನ್ನು ಹೀಗೆ ಒಟ್ಟಿಗೆ ಇಟ್ಟು ನೋಡಿದಾಗ ಮೂರು ಸಂಗತಿಗಳು ಎದ್ದುಕಾಣುತ್ತವೆ. ಒಪ್ಪಂದಗಳು ಅಲ್ಪಾಯುಗಳು, ದಾರಿಗಳು ದೀರ್ಘಾಯುಗಳು. ಆದ್ದರಿಂದ ಒಪ್ಪಂದ ಬದುಕಿರುವಾಗ ಹಾಕಿಕೊಂಡ ಹಳಿ, ಕಟ್ಟಿಕೊಂಡ ಉಗ್ರಾಣ, ಶೀತಗೃಹಗಳೇ ನಮ್ಮ ನಿಜವಾದ ಗಳಿಕೆ. ಎರಡನೆಯದು, ಹೆಸರು ಹಡಗೇರಿದ ಊರಿನ ಪಾಲಾಗದಂತೆ ನೋಡಿಕೊಳ್ಳಬೇಕು. ಇಂದಿನ ಒಪ್ಪಂದಗಳೆಲ್ಲ ಸರಕಿನ ಮೂಲವನ್ನು ಕೇಳುವುದರಿಂದ ಮೂಲದ ಹೆಸರಿಗೆ ಹಿಂದೆಂದಿಗಿಂತ ಹೆಚ್ಚಿನ ಬೆಲೆಯುಂಟು. ಮೂರನೆಯದು, 1547ರಲ್ಲಾಗಲಿ 1878ರಲ್ಲಾಗಲಿ ಈ ಸೀಮೆಯ ಯಾರನ್ನೂ ಯಾರೂ ಕೇಳಲಿಲ್ಲ. ಅಂದು ಅರಸರ ಆಳಿಕೆ, ಪರರ ಆಳಿಕೆ; ಕೇಳದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಇಂದು ನಮ್ಮದೇ ಆಳಿಕೆ. 2019ರ ನವೆಂಬರಿನಲ್ಲಿ ಹದಿನಾರು ರಾಷ್ಟ್ರಗಳ ಇನ್ನೊಂದು ದೊಡ್ಡ ಒಪ್ಪಂದದ ಮಾತುಕತೆಯಿಂದ ಭಾರತ ಹಿಂದೆ ಸರಿದಾಗ, ಹೈನುಗಾರರ ಮತ್ತು ರೈತರ ದನಿಗೂ ಅದರಲ್ಲಿ ಪಾಲಿತ್ತು. ಕೇಳಿಸುವಂತೆ ಹೇಳಿದರೆ ಕೇಳುವ ಕಿವಿಗಳಿವೆಯೆಂದಾಯಿತು.

ಹೇಳಬೇಕಾದರೆ ಮೊದಲು ತಿಳಿದಿರಬೇಕು. ಒಪ್ಪಂದದ ಅನುಸೂಚಿಗಳಲ್ಲಿ ಬೆಳೆಗಳು ಅಂಕಿಗಳಾಗಿ ಕುಳಿತಿರುತ್ತವೆ. ಭಾಷೆ ಇಂಗ್ಲಿಷು, ಅದೂ ವಕೀಲರ ಇಂಗ್ಲಿಷು. ಹನ್ನೊಂದನೆಯ ಶತಮಾನದಲ್ಲಿ ಇದೇ ಸೀಮೆಯ ಗುಡಿಯಂಗಳದ ಕಲ್ಲು, ಯಾವ ಹೇರಿಗೆ ಎಷ್ಟು ಸುಂಕ, ಯಾವುದಕ್ಕೆ ಬಿಡುಗಡೆ ಎಂಬುದನ್ನು ಕನ್ನಡದಲ್ಲಿ ಹೇಳುತ್ತಿತ್ತು. ಓದು ಬಾರದವನಿಗೆ ಓದಿ ಹೇಳುವವರು ಊರಲ್ಲಿದ್ದರು. ಇಂದು ಹಾನಗಲ್ಲಿನ ಅಡಕೆಗೆ, ಸವಣೂರಿನ ಎಲೆಗೆ, ಹಿರೇಕೆರೂರು ಶಿಗ್ಗಾವಿಗಳ ಗೋವಿನಜೋಳಕ್ಕೆ ಯಾವ ದೇಶದಲ್ಲಿ ಎಷ್ಟು ಸುಂಕ, ಯಾವ ದೇಶದಿಂದ ಬರುವುದಕ್ಕೆ ಎಷ್ಟು ತಡೆ ಎಂಬುದನ್ನು ಒಂದು ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಪ್ರತಿಯೊಂದು ಮಾರುಕಟ್ಟೆಯ ಅಂಗಳದಲ್ಲಿ ನಿಲ್ಲಿಸುವುದು ಅಸಾಧ್ಯದ ಕೆಲಸವೇನಲ್ಲ. ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ, ಒಪ್ಪಂದಗಳು ಬದಲಾಗುತ್ತವೆ, ಸುಣ್ಣದ ಕಡ್ಡಿಯಲ್ಲಿ ಬರೆದರೂ ಸಾಕು. ಹಾಗೆ ಬರೆದ ದಿನ, ಸುಂಕದವನ ಮುಂದೆ ಹೇಳಿಕೊಂಡ ಸುಖದುಃಖ ಅರಣ್ಯರೋದನವೆಂಬ ಗಾದೆಯ ಬಲ ಸ್ವಲ್ಪವಾದರೂ ಕುಗ್ಗೀತು.